ಐದು ಬಡಾವಣೆಗಳ ತುಲನಾತ್ಮಕ ಅಧ್ಯಯನ

ಬಾಡಿಗೆ ಮನೆಯ ಓನರು ‘ಮಗಳು, ಅಳಿಯ ಬರ್ತಿದ್ದಾರೆ, ಮೂರು ತಿಂಗಳಲ್ಲಿ ಖಾಲಿ ಮಾಡಿಕೊಡಿ’ ಎಂದ ದಿನವೇ ನನ್ನ ಹೆಂಡತಿ ತೀರ್ಪು ಕೊಟ್ಟಳು: ‘ಇನ್ನೊಂದು ಬಾಡಿಗೆ ಮನೆಗೆ ನಾನು ಪಾತ್ರೆ ಹೊರೋದಿಲ್ಲ. ಸ್ವಂತದ್ದಾದ್ರೆ ಬರ್ತೀನಿ. ಇಲ್ಲಾಂದ್ರೆ ನೀವೊಬ್ರೇ ಹೋಗಿ.’ ಹನ್ನೊಂದು ವರ್ಷದಲ್ಲಿ ಆರು ಮನೆ ಬದಲಾಯಿಸಿದ್ದೆವು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಕಾರಣವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಆದರೆ ಮನೆ ಕೊಳ್ಳುವುದೆಂದರೆ ಬದನೆಕಾಯಿ ಕೊಂಡ ಹಾಗಲ್ಲವಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿಗ (ಸದ್ಯಕ್ಕೆ ಕೊನೆಯವನೂ ನಾನೇ). ಓದಿದವನು ಓದಿದವನ ಹಾಗೆ ಕೆಲಸ ಮಾಡಬೇಕೆಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಗೆರೆ ಹೊಡೆದು, ‘ಐದು ಬಡಾವಣೆಗಳ ತುಲನಾತ್ಮಕ ಅಧ್ಯಯನ’ ಎಂದು ದಪ್ಪಕ್ಷರದಲ್ಲಿ ಬರೆದೆ. ನೀರು, ಚರಂಡಿ, ಬೀದಿದೀಪ, ಬಸ್ಸು, ನಾಯಿ. ಒಂದೊಂದಕ್ಕೂ ಇಪ್ಪತ್ತು ಅಂಕ.

‘ನಾಯಿಗೂ ಇಪ್ಪತ್ತಾ?’ ಎಂದಳು ಹೆಂಡತಿ.

‘ಇಲ್ಲದಿದ್ರೆ ಇಪ್ಪತ್ತು. ಒಂದೊಂದು ನಾಯಿಗೂ ಎರಡೆರಡು ಕಳೀತಾ ಹೋಗೋದು.’

‘ಅಡುಗೆಮನೆಗೆಷ್ಟು?’

‘ಅದು ಬಡಾವಣೆಯ ವ್ಯಾಪ್ತಿಗೆ ಬರೋದಿಲ್ಲ.’

‘ಹಾಗಾದ್ರೆ ಇವತ್ತಿನ ಊಟ ನನ್ನ ವ್ಯಾಪ್ತಿಗೆ ಬರೋದಿಲ್ಲ.’

ಅಡುಗೆಮನೆಗೂ ಒಂದು ಗೆರೆ ಎಳೆದೆ.

ಮೊದಲ ಬಡಾವಣೆಯಲ್ಲಿ ಕಂಬದ ಕೆಳಗೆ ನಿಂತು ನಾಯಿಗಳನ್ನು ಎಣಿಸುತ್ತಿದ್ದೆ. ಒಬ್ಬರು ಗೇಟು ತೆರೆದು ಹೊರಗೆ ಬಂದು, ‘ಅಂತೂ ಬಂದ್ರಲ್ಲ. ನಿಮ್ಮ ಆಫೀಸಿಗೆ ಎಷ್ಟು ಸಲ ಫೋನ್ ಮಾಡೋದು?’ ಎಂದು ಶುರು ಮಾಡಿದರು. ನೋಟ್‌ಬುಕ್ ನೋಡಿ ನನ್ನನ್ನು ನಗರಸಭೆಯವನೆಂದು ತಿಳಿದಿದ್ದರು. ‘ಅಲ್ಲ’ ಎನ್ನಲು ತೆರೆದ ಬಾಯನ್ನು ಹಾಗೇ ಮುಚ್ಚಿದೆ. ಮನೆ ಕೊಳ್ಳಲು ಬಂದವನಿಗೆ ಯಾರೂ ನಿಜ ಹೇಳುವುದಿಲ್ಲ. ಆಫೀಸಿನವನಿಗೆ ಕೇಳದಿದ್ದರೂ ಹೇಳುತ್ತಾರೆ. ಇಂಥ ಸಂಶೋಧನಾ ವಿಧಾನ ಯಾವ ವಿಶ್ವವಿದ್ಯಾಲಯಕ್ಕೂ ಹೊಳೆದಿರಲಾರದು.

ಫಲಿತಾಂಶ ಮಾತ್ರ ಭೀಕರವಾಗಿತ್ತು. ನಾಲ್ಕು ಬಡಾವಣೆಗಳೂ ನಪಾಸು.

ಐದನೆಯದರಲ್ಲೂ ಆಫೀಸಿನವನಾಗಿಯೇ ಬೀದಿಯವರ ದೂರುಗಳನ್ನೆಲ್ಲ ಮೊದಲೇ ಬರೆದುಕೊಂಡಿದ್ದೆ. ಮರುದಿನ ಹೆಂಡತಿಯನ್ನು ಕರೆದುಕೊಂಡು ಅಲ್ಲಿನ ಒಬ್ಬ ಟೈಲರ ಮನೆ ನೋಡಲು ಹೋದೆ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ನೇರ ಒಲೆಕಟ್ಟೆಯ ಮೇಲೆ ಬೀಳುತ್ತಿತ್ತು. ಅವಳು ಕಿಟಕಿಯ ಚಿಲಕ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

‘ಇದೇ’ ಎಂದಳು.

ಟೈಲರು ಪ್ರಾಮಾಣಿಕರು. ‘ಮನೆ ಚಿನ್ನ ಸಾರ್. ಮುಂದಿನ ಚರಂಡಿ ಕಟ್ಟಿಕೊಂಡು ಮೂರು ವರ್ಷ ಆಯ್ತು. ಆ ವಾಸನೆಗೇ ಮಾರ್ತಿರೋದು’ ಎಂದರು.

‘ಚರಂಡಿ, ಇಪ್ಪತ್ತಕ್ಕೆ ಸೊನ್ನೆ’ ಎಂದೆ ನಾನು.

‘ರೀ, ಮೊದಲು ಅಡ್ವಾನ್ಸ್ ಕೊಡಿ. ಚರಂಡಿ ಆಮೇಲೆ ನೋಡೋಣ.’

‘ಮೊದಲು ಚರಂಡಿ. ಎಲ್ಲಕ್ಕೂ ಒಂದು ಕ್ರಮ ಅಂತ ಇದೆ.’

ನಮ್ಮ ಹಳ್ಳಿಯಲ್ಲಿ ಸಕಲರ ಅರ್ಜಿಗಳನ್ನೂ ಬರೆದು ಪಳಗಿದ ಕೈ ನನ್ನದು. ನಾಲ್ಕು ಪುಟದ ಮನವಿ ಬರೆದೆ. ನಕ್ಷೆ ಲಗತ್ತಿಸಿದೆ. ಇಪ್ಪತ್ತೆರಡು ಮನೆಯವರ ಸಹಿ ಹಾಕಿಸಿದೆ. ದಿನಾ ಸಂಜೆ ಕೆಲಸ ಮುಗಿಸಿ ನಗರಸಭೆಯ ಬೆಂಚಿನ ಮೇಲೆ ಹೋಗಿ ಕೂತೆ. ಹನ್ನೊಂದನೆಯ ದಿನ ಅಲ್ಲಿನ ಎಂಜಿನಿಯರು ನನ್ನ ಮುಖ ನೋಡಲಾರದೆ ಕೆಲಸಗಾರರನ್ನು ಕಳಿಸಿಬಿಟ್ಟರು. ವಾರದಲ್ಲಿ ಚರಂಡಿ ನೀರು ಜುಳುಜುಳು ಹರಿಯಿತು. (ಚರಂಡಿಗೆ ಈ ಪದ ಬಳಸಿದವನು ಬಹುಶಃ ನಾನೊಬ್ಬನೇ.)

ಇಪ್ಪತ್ತಕ್ಕೆ ಇಪ್ಪತ್ತು ಹಾಕಿ, ಹೆಂಡತಿಯ ಜೊತೆ ವಿಜಯಯಾತ್ರೆ ಹೊರಟೆ. ಟೈಲರು ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು.

‘ದೇವರು ಬಂದ ಹಾಗೆ ಬಂದ್ರಿ ಸಾರ್. ನಿನ್ನೆ ಮೂರು ವರ್ಷದ ಮೇಲೆ ಕಿಟಕಿ ತೆಗೆದು ಊಟ ಮಾಡಿದ್ವಿ. ಇನ್ನು ಯಾಕೆ ಮಾರ್ಬೇಕು, ಹೇಳಿ?’

ಯಾಕೆ ಮಾರಬೇಕೆಂದು ನನಗೂ ಹೊಳೆಯಲಿಲ್ಲ. ಹೆಂಡತಿ ಸೆರಗು ಕೊಡವಿ ಬೀದಿಗಿಳಿದಳು. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಖಾಲಿ ಮಾಡಲು ಇನ್ನು ಐದೇ ವಾರ.

ಆಗ ಎದುರುಮನೆಯ ಅಜ್ಜಿ ಕೈ ಬೀಸಿ ಕರೆದರು. ‘ಏನಪ್ಪಾ, ಮನೆ ಸಿಗಲಿಲ್ವಾ? ನೀನು ಆಫೀಸಿನವನಲ್ಲ ಅಂತ ನನಗೆ ಮೊದಲನೇ ದಿನವೇ ಗೊತ್ತಿತ್ತು. ಆಫೀಸಿನವರು ನಾವು ಹೇಳಿದ್ದನ್ನ ಬರ್ಕೊಳ್ತಾರಾ? ಈ ಪಕ್ಕದ್ದು ನನ್ನ ತಮ್ಮನ ಮನೆ. ಈ ಸಾಲಿಗೆ ನಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತೆ ಅಂತ ಯಾರೂ ಕೊಳ್ತಿಲ್ಲ. ಬಾಮ್ಮಾ, ನೋಡು.’

ಹೆಂಡತಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಿಟಕಿಯ ಚಿಲಕದ ಸದ್ದು ಕೇಳಿಸಿತು. ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ನನಗೆ ಹೋದ ಜೀವ ಬಂದಂತಾಯಿತು.

‘ನೀರಿನ ಪೈಪಿಗೆ ಒಂದು ಸಣ್ಣ ಅರ್ಜಿ ಗೀಚಿದರೆ...’ ಎಂದು ನಾನು ಆರಂಭಿಸುವಷ್ಟರಲ್ಲಿ ಹೊರಗೆ ಬಂದ ಹೆಂಡತಿ ನನ್ನ ಅಂಗಿಯ ಜೇಬಿನಿಂದ ಪೆನ್ನು ಕಿತ್ತು ತನ್ನ ಬ್ಯಾಗಿಗೆ ಹಾಕಿಕೊಂಡಳು.

‘ರಿಜಿಸ್ಟರ್ ಆಗೋವರೆಗೂ ಒಂದಕ್ಷರ ಬರೆಯೋ ಹಾಗಿಲ್ಲ.’

ಅಡ್ವಾನ್ಸ್ ಅವತ್ತೇ ಕೊಟ್ಟಳು. ಮುಂದಿನ ಗುರುವಾರ ನೋಂದಣಿ. ಶುಕ್ರವಾರದಿಂದ ನನ್ನ ಸೇವೆ ಆರಂಭವೆಂದು ಬೀದಿಯವರು ಈಗಾಗಲೇ ಹದಿನೇಳು ದೂರುಗಳ ಪಟ್ಟಿ ಮಾಡಿಟ್ಟಿದ್ದಾರೆ. ನೋಂದಣಿಯ ದಿನ ಸಹಿ ಹಾಕಲಾದರೂ ಪೆನ್ನು ಕೊಡುತ್ತೀಯಾ ಎಂದು ನಿನ್ನೆ ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

‘ಅದರ ಅಗತ್ಯವಿಲ್ಲ’ ಎಂದಳು. ‘ಮನೆ ನನ್ನ ಹೆಸರಿಗೆ.’