ಅತ್ತಿಗೆಯ ಡೊಂಕು ಗೋಡೆಗಳು

ನನ್ನ ಹೆಂಡತಿಯ ಅಕ್ಕ ಮನುಷ್ಯರ ವಯಸ್ಸು ಮರೆತಾರು, ಗೋಡೆಗಳ ವಯಸ್ಸು ಮರೆಯುವುದಿಲ್ಲ! ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಊರಾಚೆ ಗುಡ್ಡದ ಮೇಲೆ, ಹಿಂದೆ ರೈತರದಾಗಿದ್ದ ಕಲ್ಲುಮನೆಯೊಂದನ್ನು ಕೊಂಡು ಕೂತಿದ್ದಾರೆ. ಮುನ್ನೂರು ನಾನೂರು ವರ್ಷಗಳಲ್ಲಿ ಬಂದ ಪ್ರತಿ ಯಜಮಾನನೂ ಅದಕ್ಕೊಂದು ಕೋಣೆ ಅಂಟಿಸಿದ್ದಾನೆ, ಕಿಟಕಿ ಮುಚ್ಚಿದ್ದಾನೆ, ಬಾಗಿಲು ಸರಿಸಿದ್ದಾನೆ. ಒಬ್ಬನಾದರೂ ಹಿಂದಿನವನ ಅಳತೆ ನೋಡಿದ್ದಾನೆಯೇ? ಊಹೂಂ!

ಮೊದಲ ಸಲ ಹೋದಾಗ ಅತ್ತಿಗೆ ಗೋಡೆಗಳನ್ನು ಬೀಗರಂತೆ ಪರಿಚಯಿಸಿದರು.

“ಇವ್ರು ಹಿರೇರು, ಮೊದಲಿನ ಮನಿ. ಇವ್ರು ನೇಕಾರರ ಕಾಲದವ್ರು. ಆ ಕಡೆ ದನದ ಕೊಟ್ಟಿಗಿ, ಈಗ ನಮ್ಮ ಬೆಡ್‌ರೂಮು. ತಲಿ ಬಗ್ಗಿಸಿ ಬರ್ರಿ, ಹಿರೇರ ಮುಂದ...”

ಅಷ್ಟರಲ್ಲಿ ಬಾಗಿಲ ಮೇಲಿನ ಕಲ್ಲು ನನ್ನ ಹಣೆಗೆ ಆಶೀರ್ವಾದ ಮಾಡಿಯಾಗಿತ್ತು!

ಆ ಮನೆ ಎಂದರೆ ನನಗೆ ಭಯ, ಅದಕ್ಕೆ ಕಾರಣವೂ ಇದೆ. ನಮ್ಮ ವಂಶದಲ್ಲಿ ಕಾಲೇಜು ಕಂಡ ಮೊದಲಿಗ ನಾನು. ಅಪ್ಪ ಮಂಡಿಯಲ್ಲಿ ಮೂಟೆ ಹೊತ್ತು ನನ್ನನ್ನು ಸಿವಿಲ್ ಇಂಜಿನಿಯರ್ ಮಾಡಿದರು. ಕಟ್ಟಡ ಯಾಕೆ ನಿಲ್ಲುತ್ತದೆ ಎಂಬ ಪೇಪರಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ. ಹಾಗಾಗಿ ಕಟ್ಟಡ ಯಾಕೆ ಬೀಳುತ್ತದೆ ಎಂಬುದು ನನಗೆ ಉಳಿದವರಿಗಿಂತ ಮೂರು ಪಟ್ಟು ಗೊತ್ತು! ಅಲ್ಲಿ ಊಟಕ್ಕೆ ಕೂತರೆ ನನ್ನ ಕಣ್ಣು ತೊಲೆಯ ಮೇಲೆ, ಕಾಲು ಬಾಗಿಲ ಕಡೆ. ಒಮ್ಮೆ ನೆಲದ ಮೇಲೊಂದು ಕಿತ್ತಳೆ ಇಟ್ಟು ತೋರಿಸಿದೆ. ಅದು ಉರುಳುತ್ತ ಉರುಳುತ್ತ ಅಡುಗೆಮನೆ ಸೇರಿತು.

“ನೋಡ್ರಿ, ಹಣ್ಣು ತಾನ ಅಡಿಗಿಮನಿಗೆ ಹೋತು. ನಿಮ್ಮ ಹೊಸಾ ಫ್ಲ್ಯಾಟಿನಾಗ ಆಗ್ತದೇನು?”

ಕಳೆದ ಚಳಿಗಾಲ ಅವರ ಗಂಡನಿಗೆ, ಅಂದರೆ ನನ್ನ ಷಡ್ಡಕರಿಗೆ, ಲಕ್ವ ಹೊಡೆಯಿತು. ಎಡಗೈ ಎಡಗಾಲು ಸೋತವು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದರು ಆಸ್ಪತ್ರೆಯವರು. ಅತ್ತಿಗೆ ಅವರನ್ನು ಈ ಮನೆಗೇ ಕರೆತಂದರು! ಗೋಡೆ ಬೀಳುವ ಭಯ ಹಿಂದಾಗಿ, ಮನುಷ್ಯ ಬೀಳುವ ಭಯ ಮುಂದೆ ಬಂತು.

“ಸಾಲ್ಫರ್ಡ್‌ಗೆ ಬಂದುಬಿಡಿ. ನಮ್ಮ ಬಿಲ್ಡಿಂಗ್‌ನಲ್ಲೇ ಫ್ಲ್ಯಾಟ್ ಖಾಲಿ ಇದೆ. ಲಿಫ್ಟ್ ಇದೆ, ಗೋಡೆ ನೆಲ ಎಲ್ಲಾ ಸಮ,” ಎಂದೆ.

“ಸಮ ಗ್ವಾಡಿಗೆ ಹಿಡೀಲಿಕ್ಕೆ ಏನಿರ್ತದ, ಇಂಜಿನಿಯರ್ ಸಾಹೇಬ್ರ?”

“ಹಾಗಾದರೆ ಇಲ್ಲೇ ಸ್ಟೀಲ್ ಹಿಡಿಕೆ ಹಾಕಿಸಿ.”

“ಹಳೇ ಮನಿ. ಮೊಳಿ ಹೊಡೀಲಿಕ್ಕೂ ಕೌನ್ಸಿಲ್ ಪರ್ಮಿಷನ್ ಬೇಕು. ಅದು ಬರೂತನಾ ಇವ್ರು ಕೂತಿರಬೇಕೇನು?”

ಹೋದ ಭಾನುವಾರ ನಾನೂ ಅತ್ತಿಗೆಯೂ ಅಡುಗೆಮನೆಯಲ್ಲಿ ಚಹಾ ಮುಂದಿಟ್ಟುಕೊಂಡು ಕೂತಿದ್ದೆವು. ಕೊಟ್ಟಿಗೆ-ಬೆಡ್‌ರೂಮಿನ ಕಡೆಯಿಂದ ಪಾದ ಎಳೆಯುವ ಸದ್ದು. ಷಡ್ಡಕರು ಒಬ್ಬರೇ! ಕೈಯಲ್ಲಿ ಕೋಲಿಲ್ಲ. ಮುಚ್ಚಿದ ಕಿಟಕಿಯ ಚಾಚಿದ ಕಲ್ಲು ಹಿಡಿದರು. ಅಲ್ಲಿಂದ ಒಲೆಗೂಡಿನ ಮೂಲೆ. ಅಲ್ಲಿಂದ, ಗೋಡೆಯೊಳಗಿಂದ ಅರ್ಧ ಇಣುಕುವ ಹಳೆಯ ಬಾಗಿಲ ಕಂಬ. ಯಾವ್ಯಾವುದೋ ಕಾಲದ ಯಜಮಾನರು ಅಳತೆ ತಪ್ಪಿ ಬಿಟ್ಟುಹೋದದ್ದೆಲ್ಲ ಅವರ ಬಲಗೈಗೆ ಸರಿಯಾಗಿ ಸಿಗುತ್ತಿತ್ತು. ಆಮೇಲೆ ಮಾತ್ರ ನುಣುಪಾದ ಹೊಸ ಗೋಡೆ. ಹಿಡಿಯಲು ಏನೂ ಇಲ್ಲ.

ನಾನು ದಡಕ್ಕನೆ ಎದ್ದೆ. ಅತ್ತಿಗೆ ತೋಳು ಹಿಡಿದು ಕೂರಿಸಿದರು. “ಸುಮ್ನ ಕೂಡ್ರಿ.” ಅವರ ಉಗುರು ನನ್ನ ಚರ್ಮಕ್ಕೆ ಇಳಿಯಿತು.

ಷಡ್ಡಕರು ಅಂಗೈಯನ್ನು ಗೋಡೆಗೆ ಒತ್ತಿದರು, ವಾಲಿದರು, ಸಾವರಿಸಿಕೊಂಡರು, ಹೇಗೋ ದಾಟಿ ಅಡುಗೆಮನೆಯ ಬಾಗಿಲ ಕಲ್ಲು ಹಿಡಿದು ನಿಂತರು. ಏದುಸಿರು ಬಿಡುತ್ತ, ತೊದಲುತ್ತ ಕೇಳಿದರು:

“ಚಹಾ... ಆರೇತೇನು?”

“ಇಲ್ರಿ. ಬಿಸಿ ಅದ, ಬರ್ರಿ.”

ಚಹಾ ಕೆನೆಗಟ್ಟಿ ತಣ್ಣಗಾಗಿತ್ತು. ಅತ್ತಿಗೆ ನನ್ನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.