ಪಂತರ ಕೆಮ್ಮು ಮತ್ತು ಮೂರು ಮೂಲೆಯ ಹೊಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪುಣೆಯ ಕಾಲೇಜಿನ ಪರೀಕ್ಷೆಯಲ್ಲಿ ನಾನು ನಪಾಸಾದದ್ದು ಪಾಠ ಕೇಳದೆ ಅಲ್ಲ, ವಿಪರೀತ ಕೇಳಿಸಿಕೊಂಡು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ನನ್ನ ಗಂಟಲಲ್ಲಿ ಬಿಡಾರ ಹೂಡುತ್ತದೆ. ನರಗುಂದದ ಸೋದರಮಾವನ ಹಾಗೆ ನಾನು ಗೊರಕೆ ಹೊಡೆದರೆ ಅತ್ತೆ ಒಳಗಿನಿಂದಲೇ ಅವರನ್ನು ಬೈಯುತ್ತಿದ್ದಳು; ಪಾಪ, ಅವರು ಕಟ್ಟೆಯ ಮೇಲೆ ಪೂರ್ತಿ ಎಚ್ಚರವಾಗಿ ಕುಳಿತು ಅಡಿಕೆ ಕತ್ತರಿಸುತ್ತಿರುತ್ತಿದ್ದರು. ಇಂಥ ವಿದ್ಯೆ ಇದ್ದವನಿಗೆ ರೇಖಾಗಣಿತ ಯಾವ ಲೆಕ್ಕ? ಅದನ್ನು ಕಲಿಸುತ್ತಿದ್ದ ನಮ್ಮ ಪಂತರು ಹೇಳಿದ್ದನ್ನೆಲ್ಲ ಅವರದೇ ದನಿಯಲ್ಲಿ, ನಡುನಡುವೆ ಅವರು ಕೆಮ್ಮುವ ಮೂರು ಕೆಮ್ಮಿನ ಸಮೇತ, ಬಾಯಿಪಾಠ ಮಾಡಿಬಿಟ್ಟೆ.

ಪರೀಕ್ಷೆಯ ದಿನ ಪರೀಕ್ಷಕರಾಗಿ ಬಂದಿದ್ದ ಸಾಹೇಬರು ಪಾಟಿಯ ಮೇಲೆ ತ್ರಿಕೋನ ಬರೆದರು. ಬುಡ ಸಮ, ಎತ್ತರ ಸಮ ಇದ್ದರೆ ಎರಡು ತ್ರಿಕೋನಗಳು ಹರವಿನಲ್ಲೂ ಸಮ ಎಂಬುದನ್ನು ನಾನು ಕೆಮ್ಮುತ್ತ ಸೊಗಸಾಗಿ ಒಪ್ಪಿಸಿದೆ. ಅವರು ನಕ್ಕು ಪಾಟಿಯನ್ನು ತಲೆಕೆಳಗು ಮಾಡಿ ಹಿಡಿದು, ಈಗ ಹೇಳು ಎಂದರು. ನಾನು ಅದನ್ನೇ ಹೇಳಿದೆ, ಅದೇ ಜಾಗಗಳಲ್ಲಿ ಕೆಮ್ಮಿದೆ. "ನಿಮ್ಮ ಪಂತರ ಮಾತು ಕೇಳಿದ್ದಾಯಿತು, ಇನ್ನು ನಿನ್ನದು ಹೇಳು" ಎಂದು ಅವರು ಮರಾಠಿಯಲ್ಲಿ ಕೇಳಿದರು. ನಾನು ಗಂಟಲೊಳಗೆ ಹುಡುಕಿದೆ. ಊರಿನ ಅಷ್ಟೂ ಜನ ಅಲ್ಲಿದ್ದರು, ನಾನೊಬ್ಬ ಇರಲಿಲ್ಲ.

ಗಾಡಿ, ಕಾಲ್ನಡಿಗೆ, ಮತ್ತೆ ಗಾಡಿ ಎಂದು ನಮ್ಮೂರು ರೋಣಕ್ಕೆ ಬಂದು ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದು ಊಟ ಮಾಡಿ ಕುಳಿತಿತ್ತು. ಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುವ ಅಪ್ಪ, "ಕಾಲೇಜ ಸಾಕು. ನಾಳಿಂದ ಅಂಗಡ್ಯಾಗ ಕುಂದ್ರು" ಎಂದರು. ಇನ್ನೊಂದು ವರ್ಷ ಕಳಿಸಿರಿ ಎಂದು ಕಾಲು ಹಿಡಿದೆ. "ಯಾಕ? ಇನ್ನೊಬ್ಬ ಪಂತರ ಕೆಮ್ಮು ಕಲ್ಯಾಕ?" ಎಂದರು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಹತ್ತಿಯ ಮೂಟೆಗಳ ನಡುವೆ ಸಮಾಧಿಯಾಯಿತು.

ಮೂರನೆಯ ದಿನ ಅಬ್ಬಿಗೇರಿಯ ಹನಮಪ್ಪ, ನಿಂಗಪ್ಪ ಎಂಬ ಅಣ್ಣತಮ್ಮಂದಿರು ಅಂಗಡಿಗೆ ಬಂದರು. ಹಳ್ಳದ ದಂಡೆಯ ಮೂರು ಮೂಲೆಯ ಎರೆಮಣ್ಣಿನ ಹೊಲವನ್ನು ಸಮ ಪಾಲು ಮಾಡಿಕೊಳ್ಳಲಾಗದೆ ಇಬ್ಬರೂ ಎರಡು ಹಂಗಾಮಿನಿಂದ ಮಾತು ಬಿಟ್ಟಿದ್ದರು.

"ಸಾವಕಾರ್ರ, ನಮ್ಮಣ್ಣಗ ಹೇಳ್ರಿ, ಚೂಪ ತುದಿ ನನಗ ಬ್ಯಾಡ ಅಂತ" ಎಂದ ನಿಂಗಪ್ಪ, ಅಣ್ಣನ ಮೊಣಕೈಗೆ ಮೊಣಕೈ ತಾಗಿಸಿ ಕುಳಿತು.

"ನಮ್ಮ ತಮ್ಮಗ ಹೇಳ್ರಿ, ನನಗೂ ಬ್ಯಾಡ" ಎಂದ ಹನಮಪ್ಪ.

"ನಿಮ್ಮ ಮಗಾ ಭಾಳ ಕಲತಾನಂತಲ್ರಿ, ಅವನ್ನ ಕೇಳೂನು" ಎಂದ ನಿಂಗಪ್ಪ.

"ಅವಾ ನಪಾಸ ಆಗ್ಯಾನ" ಎಂದರು ಅಪ್ಪ.

"ನಾವೇನ ಪಾಸ ಆಗೇವೇನ್ರಿ?" ಎಂದ ಹನಮಪ್ಪ.

ನಾನು ಎದೆಯುಬ್ಬಿಸಿ ಎದ್ದು, ಪಂತರ ದನಿಯಲ್ಲೇ, ನಡು ಎತ್ತರಕ್ಕೆ ಅಡ್ಡ ಗೆರೆ ಎಳೆದರೆ ಆಯಿತೆಂದು ತೀರ್ಪು ಕೊಟ್ಟೆ. ತಕ್ಕಡಿಯೊಂದನ್ನೇ ನಂಬುವ ಅಪ್ಪ, "ತೂಗಿ ತೋರ್ಸು" ಎಂದರು. ಒಂದೇ ದಪ್ಪದ ನೇಯ್ಗೆಯಾದರೆ ತೂಕ ಸಮ ಬಂದಲ್ಲಿ ಹರವೂ ಸಮ ಇರಲೇಬೇಕು. ಹಾಗೆಂದು ಕೈಗೆ ಸಿಕ್ಕ ಕಂಬಳಿಯಿಂದ ಹೊಲದ ಆಕಾರದ ತುಂಡು ಕತ್ತರಿಸಿ, ನಡುವೆ ಅಡ್ಡ ಸೀಳಿ, ತಕ್ಕಡಿಯ ಎರಡು ಪರಡಿಗೆ ಹಾಕಿದೆ. ಅಗಲದ ತುಂಡಿದ್ದ ಪರಡಿ ದಪ್ಪೆಂದು ನೆಲಕ್ಕೆ ಕೂತಿತು. ಅಣ್ಣತಮ್ಮಂದಿರು ಎರಡು ಹಂಗಾಮಿನಲ್ಲಿ ಮೊದಲ ಸಲ ಒಟ್ಟಿಗೆ ನಕ್ಕರು. ಮೇಲೆದ್ದ ಪರಡಿಯಲ್ಲಿ ಚೂಪು ತುದಿ ನನ್ನ ಮರ್ಯಾದೆಯ ಹಾಗೆ ಹಗುರಾಗಿ ತೂಗಾಡುತ್ತಿತ್ತು.

ನಾನು ನೆಲದ ಮೇಲೆ ಕುಳಿತೆ. ಈ ಸಲ ಯಾರ ದನಿಯೂ ನೆರವಿಗೆ ಬರಲಿಲ್ಲ. ಬುಡ ಸಮ, ಎತ್ತರ ಸಮ. ಎತ್ತರವನ್ನೇಕೆ ಕತ್ತರಿಸಿದೆ? ಎತ್ತರವನ್ನು ಇಬ್ಬರಿಗೂ ಪೂರ್ತಿ ಬಿಟ್ಟು, ಬುಡವನ್ನಷ್ಟೇ ಎರಡು ಮಾಡಬೇಕಲ್ಲವೇ! ಇನ್ನೊಂದು ತುಂಡು ಕತ್ತರಿಸಿ, ಮೇಲಿನ ಮೂಲೆಯಿಂದ ಬುಡದ ನಡುವಿಗೆ ನೇರ ಸೀಳಿದೆ. ಒಂದು ತುಂಡು ಸೊಟ್ಟ, ಇನ್ನೊಂದು ನೀಟ. ನೋಡಿದರೆ ಸಮವೆಂದು ಯಾರೂ ನಂಬುವಂತಿರಲಿಲ್ಲ. ಪರಡಿಗೆ ಹಾಕಿದೆ. ತಕ್ಕಡಿ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಆಡಿ, ಅಪ್ಪನ ಮೂಗಿನ ನೇರಕ್ಕೆ ಸಮನಾಗಿ ನಿಂತಿತು. ಯಾಕೆ ನಿಂತಿತೆಂದು ನಾನು ತಡವರಿಸುತ್ತ, ತೊದಲುತ್ತ ಹೇಳಿದೆ. ಒಂದು ಸಲವೂ ಕೆಮ್ಮಲಿಲ್ಲ.

ನಿಂಗಪ್ಪ ಆ ಎರಡು ತುಂಡುಗಳನ್ನು ಬಹಳ ಹೊತ್ತು ನೋಡಿ, "ಅಣ್ಣಾ, ಹಳ್ಳದ ಕಡೀದು ನೀನ ತಗೋ" ಎಂದ. ಹನಮಪ್ಪ ಮೀಸೆ ಒರೆಸಿಕೊಂಡ.

ಅವರು ಹೋದ ಮೇಲೆ ಅಪ್ಪ ತಕ್ಕಡಿ ಎತ್ತಿಡುತ್ತ, "ಪುಣೇಕ ಗಾಡಿ ಯಾವಾಗ ಹೋಗತೈತಿ ಕೇಳ್ಕೊಂಡ ಬಾ" ಎಂದರು. ನಾನು ಅಂಗಡಿ ಹಾರಿಹೋಗುವಂತೆ ಕುಣಿಯಬೇಕಿತ್ತು. ಆದರೆ ಸಾಹೇಬರ ತಲೆಕೆಳಗಾದ ಪಾಟಿ ಕಣ್ಣ ಮುಂದೆ ಬಂದು, "ಯಪ್ಪಾ, ಮತ್ತ ನಪಾಸ ಆದ್ರ?" ಎಂದು ಕೇಳಿಬಿಟ್ಟೆ.

ತಮ್ಮದೇ ಹೊದಿಕೆಯಲ್ಲಿ ನನ್ನ ಕತ್ತರಿಗೆ ಸಿಗದೆ ಉಳಿದದ್ದನ್ನು ಎತ್ತಿ, ಜಾಡಿಸಿ, ಹೆಗಲಿಗೆ ಹಾಕಿಕೊಳ್ಳುತ್ತ ಅಪ್ಪ ಹೇಳಿದರು:

"ಮತ್ತ ಬಾ. ಇನ್ನೂ ಅರ್ಧಾ ಕಂಬಳಿ ಐತಿ."