ಮಡಿವಾಳಪ್ಪನವರ ಬೆಳ್ಳಿ ಗಾಳ

ಆಯಿತು, ನಂಬಬೇಡಿ. ತಂಗಡಗಿಯ ಮಡಿವಾಳಪ್ಪನವರು ಬೆಳ್ಳಿ ಚಮಚ ಕಟ್ಟಿ ಮೀನು ಹಿಡಿಯಲು ಹೋಗಿದ್ದರು ಅಂದರೆ ನಗು ಬರುತ್ತದೆ, ನಗಿ. ಆದರೆ ‘ಮೀನೇನು ಪಾಯಸ ಕುಡಿಯುತ್ತದೆಯೇ’ ಎಂದು ಕೇಳಿದಿರಲ್ಲ, ಅದು ಮಾತ್ರ ನಿಮ್ಮ ಅಜ್ಞಾನ. ಬೇರೆ ಮೀನಿಗೆ ಹುಳು ಬೇಕು. ಬಾಳಿ ಮೀನು ಹಾಗಲ್ಲ, ಹೊಟ್ಟೆ ತುಂಬಿದ್ದರೂ ಎದುರಿಗೆ ಏನಾದರೂ ಮಿನುಗಿದರೆ ಬಾಯಿ ಹಾಕಿಯೇ ಹಾಕುತ್ತದೆ. (ಮನುಷ್ಯರಲ್ಲೂ ಇದ್ದಾರೆ. ಹೆಸರು ಬೇಡ.) ಎಪ್ಪತ್ತನಾಲ್ಕನೆಯ ಇಸವಿ, ಸಂಕ್ರಾಂತಿ ಮುಗಿದಿತ್ತು, ಕೃಷ್ಣೆ ಇಳಿದು ನೀರು ಕನ್ನಡಿಯಾಗಿತ್ತು. ಇನ್ನು ಸುಮ್ಮನೆ ಕೇಳಿ.

ಮಡಿವಾಳಪ್ಪನವರು ಅರವತ್ತು ದಾಟಿದ ಹಿರಿಯರು, ಹೊಲ ಮನೆ ಇದ್ದವರು, ಸುತ್ತಲಿನ ಹತ್ತು ಹಳ್ಳಿಗೆ ಕಥೆಗಾರರು. ಅವರ ಎತ್ತು ಒಮ್ಮೆ ಗೋಡೆ ಗಡಿಯಾರ ನುಂಗಿ, ಆಮೇಲೆ ಮೂರು ವರ್ಷ ಸರಿಯಾಗಿ ಹನ್ನೆರಡಕ್ಕೆ ನೇಗಿಲು ನಿಲ್ಲಿಸುತ್ತಿತ್ತು. ಅವರು ಹಿಡಿದೆನೆಂದು ಹೇಳಿದ ಮೀನುಗಳನ್ನೆಲ್ಲ ಒಮ್ಮೆಗೇ ಹೊಳೆಗೆ ಬಿಟ್ಟಿದ್ದರೆ ನೀರಿಗೆ ಜಾಗ ಇರುತ್ತಿರಲಿಲ್ಲ. ತಮಾಷೆಯೆಂದರೆ ಅವರ ಮನೆಯಲ್ಲಿ ಮೀನು ಎಂಬ ಶಬ್ದವೂ ಹೊಸ್ತಿಲು ದಾಟಿರಲಿಲ್ಲ. ತಲೆಮಾರುಗಳಿಂದ ರೊಟ್ಟಿ, ಪಲ್ಯ, ಹಿಂಡಿ-ಚಟ್ನಿಯ ಮನೆತನ. ಮೀನು ಹಿಡಿಯುವುದಿರಲಿ, ಮಡಿವಾಳಪ್ಪನವರು ಅದನ್ನು ಮುಟ್ಟಿದವರೂ ಅಲ್ಲ.

ಒಂದು ದಿನ ಮೀನುಗಾರ ನಬಿಲಾಲ ಅದನ್ನೇ ಹೇಳಿಬಿಟ್ಟ. ನಬಿಲಾಲ ಮಾತು ಕಡಿಮೆ, ಮೀನು ಜಾಸ್ತಿ ಎಂಬಂಥ ಮನುಷ್ಯ. ಹೊಳೆ ದಂಡೆಯ ಮೇಲೆ ಮಡಿವಾಳಪ್ಪನವರು ತಮ್ಮ ಹನ್ನೆರಡು ಸೇರಿನ ಮೀನನ್ನು ಇಪ್ಪತ್ತು ಸೇರಿಗೆ ಏರಿಸುತ್ತಿದ್ದಾಗ ಅವನು ದಾರ ಸುತ್ತುತ್ತಲೇ, “ಕಾಕಾ, ಒಂದ ಮೀನ ಹಿಡದ ತೋರಸ್ರಿ. ಆಮ್ಯಾಲ ನೀವ ಹೇಳಿದ್ದೆಲ್ಲಾ ಖರೆ ಅಂತೇವಿ” ಎಂದ. ಕುಳಿತವರೆಲ್ಲ ನಕ್ಕರು. ಆ ನಗು ಮಡಿವಾಳಪ್ಪನವರ ಎದೆಯಲ್ಲಿ ಸಿಕ್ಕಿಕೊಂಡಿತು. ಹಿಡಿಯುವುದು, ನಾಲ್ಕು ಜನಕ್ಕೆ ತೋರಿಸುವುದು, ಮತ್ತೆ ನೀರಿಗೆ ಬಿಡುವುದು ಎಂದು ನಿಶ್ಚಯಿಸಿದರು. ಇದರಿಂದ ಧರ್ಮಕ್ಕೇನೂ ಧಕ್ಕೆಯಿಲ್ಲ. (ಮೀನಿಗೆ ತುಸು ಅವಮಾನವಾಗುತ್ತದೆ, ಅಷ್ಟೆ.)

ನಬಿಲಾಲನೇ ವಿದ್ಯಾಗುರು. ಅವನ ಹತ್ತಿರ ಹಳೆಯ ಹಿತ್ತಾಳೆ ಮುಚ್ಚಳ ಕತ್ತರಿಸಿ, ಬಡಿದು, ಎಲೆಯ ಹಾಗೆ ಬಾಗಿಸಿದ ಒಂದು ತುಂಡಿತ್ತು. ಅದರ ಬಾಲಕ್ಕೆ ಮೂರು ಮುಳ್ಳಿನ ಗಾಳ. ದೂರ ಎಸೆಯಬೇಕು, ಮುಳುಗಲು ಬಿಡಬೇಕು, ಎಳೆಯಬೇಕು, ನಿಲ್ಲಿಸಬೇಕು, ಮತ್ತೆ ಎಳೆಯಬೇಕು. ಆಗ ಆ ತುಂಡು ಗಾಯಗೊಂಡ ಸಣ್ಣ ಮೀನಿನಂತೆ ತತ್ತರಿಸುತ್ತದೆ, ದೊಡ್ಡದು ಬಂದು ಎರಗುತ್ತದೆ. ಬಾಳಿ ಮೀನಿನ ಹಲ್ಲು ಗರಗಸ, ಆದ್ದರಿಂದ ದಾರಕ್ಕೂ ಗಾಳಕ್ಕೂ ನಡುವೆ ಒಂದು ಗೇಣು ತಂತಿ ಇರಲೇಬೇಕು ಎಂದೂ ಅವನು ಹೇಳಿದ. ಸರಿಯಾಗಿ ಅದೇ ಹೊತ್ತಿಗೆ ಮಡಿವಾಳಪ್ಪನವರು ತಮ್ಮಜ್ಜ ಮೊಸಳೆಗೆ ಮೂಗುದಾರ ಹಾಕಿದ ಪ್ರಸಂಗವನ್ನು ಅವನಿಗೆ ಹೇಳುತ್ತಿದ್ದರು. ಹೀಗಾಗಿ ತಂತಿಯ ಮಾತು ಅವರ ಕಿವಿಯ ತನಕ ಬಂದು, ಒಳಗೆ ಜಾಗವಿಲ್ಲದೆ ವಾಪಸು ಹೋಯಿತು.

ಮನೆಗೆ ಬರುವಾಗ ಅವರ ತಲೆಯಲ್ಲಿ ಮಹಾಜ್ಞಾನೋದಯವಾಯಿತು. ಹಿತ್ತಾಳೆಗೇ ಮೀನು ಇಷ್ಟು ಮರುಳಾದರೆ, ಬೆಳ್ಳಿಗೆ?

ಮನೆಯಲ್ಲಿ ಇದ್ದದ್ದು ಒಂದೇ ಬೆಳ್ಳಿ ಚಮಚ. ಹೆಂಡತಿ ಕಸ್ತೂರೆವ್ವ ಕನ್ನೊಳ್ಳಿಯ ತವರಿನಿಂದ ತಂದದ್ದು. ಆ ಮನೆಯ ಮಕ್ಕಳೆಲ್ಲ ಮೊದಲ ತುತ್ತು ಉಂಡದ್ದು ಅದರಲ್ಲೇ. ಬರುವ ಸೋಮವಾರ ಮಗಳ ಕೂಸಿಗೂ ಅದರಲ್ಲೇ ಉಣಿಸಬೇಕು, ಮೋರಟಗಿಯಿಂದ ಬೀಗರು ಬರುವವರಿದ್ದರು. ಚಮಚವಿದ್ದ ಟ್ರಂಕಿನ ಕೀಲಿಯನ್ನು ಕಸ್ತೂರೆವ್ವ ಎಲ್ಲರ ಕಣ್ಣಿಗೆ ಕಾಣುವ ಹಾಗೆ ಗೋಡೆಯ ಗೂಡಿನಲ್ಲೇ ಇಡುತ್ತಿದ್ದರು. ನಲವತ್ತು ವರ್ಷದಲ್ಲಿ ಗಂಡನಿಂದ ಅದನ್ನು ಮರೆಮಾಡಬೇಕೆಂದು ಅವರಿಗೆ ಅನಿಸಿರಲಿಲ್ಲ. ಶನಿವಾರ ಅವರು ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದಾಗ ಮಡಿವಾಳಪ್ಪನವರು ಚಮಚವನ್ನು ಹೆಗಲ ಮೇಲಿನ ಒಲ್ಲಿಯಲ್ಲಿ ಸುತ್ತಿಕೊಂಡು ಹೊರಬಿದ್ದರು. ಸಂಜೆಯೊಳಗೆ ತಂದಿಟ್ಟರಾಯಿತು, ಬೆಳ್ಳಿಯೇನು ನೀರಿಗೆ ಕರಗುತ್ತದೆಯೇ?

ಕರಗಲಿಲ್ಲ. ಅದು ಹೋದ ರೀತಿಯೇ ಬೇರೆ. ಕೌದಿ ಹೊಲಿಯುವ ಗಟ್ಟಿ ದಾರಕ್ಕೆ ಚಮಚದ ಕುತ್ತಿಗೆ ಕಟ್ಟಿ, ಅದಕ್ಕೊಂದು ಗಾಳ ಬಿಗಿದು ಎಸೆದರು. ಎಳೆದರು, ನಿಲ್ಲಿಸಿದರು, ಎಳೆದರು. ಏಳನೆಯ ಎಸೆತಕ್ಕೆ ನೀರೊಳಗಿನಿಂದ ಯಾರೋ ಕೈ ಹಿಡಿದು ಎಳೆದಂತಾಯಿತು. ಮಡಿವಾಳಪ್ಪನವರು ಮೊಣಕಾಲುದ್ದ ನೀರಿಗಿಳಿದು ಎರಡೂ ಕೈಯಿಂದ ಜಗ್ಗಿದರು. ಮೀನು ಹತ್ತಿರ ಬಂತು, ಬಾಲದಿಂದ ಅವರ ಧೋತರಕ್ಕೆ ಫಟಾರನೆ ಒಂದು ಬಾರಿಸಿತು, ಹಲ್ಲಿನಿಂದ ದಾರ ಕಡಿಯಿತು, ಚಮಚದ ಸಮೇತ ಹೋಯಿತು. ಕೈಯಲ್ಲಿ ಉಳಿದದ್ದು ದಾರ, ಧೋತರದ ಮೇಲೆ ಲೋಳೆ. ನಾಲ್ಕು ಜನಕ್ಕೆ ತೋರಿಸಬೇಕೆಂದಿದ್ದರಲ್ಲ, ಆಗ ದಂಡೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಅದೊಂದಕ್ಕೆ ಅವರು ದೇವರಿಗೆ ಕೈಮುಗಿದರು.

ಧೋತರ ಒದ್ದೆಯಾದದ್ದಕ್ಕೆ ಮನೆಯಲ್ಲಿ, ಹೊಳೆಯ ಮೆಟ್ಟಿಲ ಮೇಲೆ ಕಾಲು ಜಾರಿತು ಎಂದರು. ಕಸ್ತೂರೆವ್ವ ಪಾಪ, ಅರಿಶಿನದ ಹಾಲು ಕಾಸಿ ಕೊಟ್ಟರು. ಅದನ್ನು ಕುಡಿಯುವುದಕ್ಕಿಂತ ಹೊಳೆಯ ನೀರು ಕುಡಿಯುವುದು ಸುಲಭವಿತ್ತು.

ರವಿವಾರ ಸಂಜೆ ಟ್ರಂಕು ತೆಗೆದಾಗ ಚಮಚ ಇಲ್ಲ. ಪಾತ್ರೆ ತಿಕ್ಕಿ ಬಟ್ಟೆ ಒಗೆಯಲು ಬರುವ ಮರೆವ್ವನನ್ನು ಕಸ್ತೂರೆವ್ವ, ಎಲ್ಲಾದರೂ ಕಂಡೆಯಾ ಎಂದು ಕೇಳಿದರು, ಅಷ್ಟೆ. ಮರೆವ್ವ ಅಂಗಳದ ನಡುವೆ ನಿಂತು ತನ್ನ ಸೀರೆಯ ಸೆರಗು ಕೊಡವಿದಳು, ಎಲೆಅಡಿಕೆ ಚೀಲ ಬಿಚ್ಚಿ ಬುಡಮೇಲು ಮಾಡಿದಳು, ಮತ್ತೆ ಕಟ್ಟಿಕೊಂಡು ಮನೆಗೆ ಹೋದಳು. ಜಗಲಿಯ ಮೇಲೆ ಕುಳಿತಿದ್ದ ಮಡಿವಾಳಪ್ಪನವರು ಬಾಯಿ ತೆರೆದರು. ಜೀವಮಾನದಲ್ಲಿ ಮೊದಲ ಸಲ ಅದರೊಳಗಿಂದ ಏನೂ ಬರಲಿಲ್ಲ. ಆ ರಾತ್ರಿ ಕೂಸಿನ ಅಳು ಕೇಳಿದಾಗಲೆಲ್ಲ ಅದು ತಮ್ಮನ್ನೇ ಬೈಯುತ್ತಿದೆ ಎನಿಸಿತು.

ಸೋಮವಾರ ಬೀಗರು ಬಂದರು. ಕೂಸಿಗೆ ಸ್ಟೀಲ್ ಚಮಚದಲ್ಲಿ ಪಾಯಸ ಉಣಿಸಿದ್ದಾಯಿತು. ಬೀಗತಿ ಇಂದುಬಾಯಿ ಬೆಳ್ಳಿಯದು ಎಲ್ಲಿ ಎಂದು ಕೇಳಿದರು. ಕಳೆದಿದೆ ಎಂದು ಗೊತ್ತಾದ ಮೇಲೆ ದನಿ ತಗ್ಗಿಸಿ, ಆದರೆ ಹಿತ್ತಲಿನಲ್ಲಿ ಪಾತ್ರೆ ತಿಕ್ಕುವವರಿಗೆ ಕೇಳುವಷ್ಟೇ ತಗ್ಗಿಸಿ, “ಕೆಲಸಕ್ಕ ಬರವ್ರನ್ನ ಗಟ್ಟಿಸಿ ಕೇಳ್ಬೇಕ್ರಿ ಬೀಗತಿ” ಎಂದರು. ಹಿತ್ತಲಿನಲ್ಲಿ ಪಾತ್ರೆಯ ಸದ್ದು ನಿಂತಿತು.

ಇನ್ನು ತಡೆಯಲಾಗಲಿಲ್ಲ. ಮಡಿವಾಳಪ್ಪನವರು ಎದ್ದು ನಿಂತು, “ಅದನ್ನ ನಾ ಒಯ್ದೇನಿ. ಮೀನ ಕಚ್ಚಿಕೊಂಡ ಹೋತು” ಎಂದರು.

ಬೀಗರು ಬಸಂತರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ನಕ್ಕಳು. ಮಡಿವಾಳಪ್ಪನವರು ಕೌದಿ ದಾರದ ವಿಷಯ ಹೇಳಿದರು, ನಗು ಹೆಚ್ಚಿತು. ಏಳನೆಯ ಎಸೆತ ಎಂದರು, ಬಸಂತರಾಯರ ಕಣ್ಣಲ್ಲಿ ನೀರು ಬಂತು. ಆಣೆ ಇಟ್ಟರು. ಗಡಿಯಾರದ ಎತ್ತಿನ ಕಥೆಗೂ ಹೀಗೇ ಆಣೆ ಇಟ್ಟಿದ್ದಿರಿ ಎಂದು ಬೀಗರು ನೆನಪಿಸಿದರು. ಸಾಕ್ಷಿಗೆ ನಬಿಲಾಲನನ್ನು ಕರೆಸೋಣವೆಂದರೆ ಅವನು ಮುದ್ದೇಬಿಹಾಳದ ಸಂತೆಗೆ ಹೋಗಿದ್ದ. ಕೊನೆಗೆ ಇಂದುಬಾಯಿ ಕಣ್ಣೊರೆಸಿಕೊಂಡು, “ಎಂಥಾ ದೊಡ್ಡ ಮನಸ ನೋಡ್ರಿ. ಬಡವಿ ಮಾನ ಹೋಗಬಾರದಂತ ತನ್ನ ಮ್ಯಾಲ ಹಾಕ್ಕೊಂಡ ಎಂಥಾ ಕತಿ ಕಟ್ಟಾಕತ್ತಾರ” ಎಂದರು. ಎಲ್ಲರೂ ತಲೆದೂಗಿದರು. ಯಾರೂ ಅವರ ಮಾತು ನಂಬಲಿಲ್ಲ, ಎಲ್ಲರೂ ಅವರನ್ನು ಹೊಗಳಿದರು. ಆ ಹೊಗಳಿಕೆ ಚಪ್ಪಲಿ ಏಟಿಗಿಂತ ಜೋರಾಗಿ ಬಿತ್ತು.

ಮರೆವ್ವ ಕೈಯ ಬೂದಿ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

“ಧಣೇರ ಖರೆನ ಹೇಳಾಕತ್ತಾರ್ರಿ ಅವ್ವಾರ. ನಿನ್ನೆ ಮುಂಜಾನೆ ಅವರ ಧೋತರಾ ನಾನ ಒಗದೇನಿ. ಎರಡ ಸರ್ತಿ ಸೋಡಾ ಹಾಕೇನಿ, ಮೀನಿನ ವಾಸನಿ ಹೋಗವಲ್ದು. ಹಗ್ಗದ ಮ್ಯಾಲ ಐತಿ, ಮೂಸಿ ನೋಡ್ರಿ.”

ಕಸ್ತೂರೆವ್ವ ಹಿತ್ತಲಿಗೆ ಹೋಗಿ ಬಂದರು. ಗಂಡನ ಕಡೆ ನೋಡಲಿಲ್ಲ. ಮರೆವ್ವನನ್ನು ಮಾತ್ರ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

“ಹೆಂಗ ಹೇಳೂದ್ರಿ? ಈ ಮನ್ಯಾಗ ಮೀನ ಅಂದ್ರ ಧಣೇರ ಹೆಸರ ಹೋಗ್ತಿತ್ತು. ನನ್ನ ಚೀಲಾ ಝಾಡಿಸಿದ್ರ ಮುಗೀತಿತ್ತು.”

ಈಗ ನಗಲು ಯಾರೂ ಉಳಿದಿರಲಿಲ್ಲ. ಮರೆವ್ವ ದಿನವೂ ಹಿತ್ತಲ ಕಟ್ಟೆಯ ಮೇಲೆ ಉಣ್ಣುವವಳು. ಕಸ್ತೂರೆವ್ವ ನಡುಮನೆಯಲ್ಲಿ ಬೀಗರ ಸಾಲಿನಲ್ಲೇ ಒಂದು ಮಣೆ ಹಾಕಿ ಅವಳನ್ನು ಕೂರಿಸಿದರು. ಇಂದುಬಾಯಿ ಸ್ವಲ್ಪ ಸರಿದು ಜಾಗ ಕೊಟ್ಟರು. ಆಮೇಲೆ ಕಸ್ತೂರೆವ್ವ ಹೋಳಿಗೆಯ ಬುಟ್ಟಿ ತಂದು ಗಂಡನ ಕೈಗಿಟ್ಟರು.

“ಬಡಸ್ರಿ.”

ಅನ್ನ ಬಡಿಸುವುದಿರಲಿ, ಅರವತ್ತು ವರ್ಷದಲ್ಲಿ ತಮ್ಮ ತಟ್ಟೆಯನ್ನೂ ತಾವು ಎತ್ತದ ಮನುಷ್ಯ ಬಾಗಿ ನಿಂತು ಬಡಿಸಿದರು. ಮೊದಲ ಹೋಳಿಗೆ ಹರಿಯಿತು, ಎರಡನೆಯದು ನೆಟ್ಟಗೆ ಬಿತ್ತು. ಮರೆವ್ವ ತುತ್ತು ಮುರಿಯುತ್ತ, ತಲೆ ಎತ್ತದೆ, “ಮೀನ ಎಷ್ಟ ದೊಡ್ಡದಿತ್ತ್ರಿ ಧಣೇರ?” ಎಂದಳು.

ಬಸಂತರಾಯರು ಕಿವಿ ನಿಮಿರಿಸಿದರು. ಮಡಿವಾಳಪ್ಪನವರು ಬುಟ್ಟಿಯ ಕಡೆಯೇ ನೋಡುತ್ತ, “ನೋಡಲಿಲ್ಲವ್ವ. ಕಣ್ಣಾಗ ನೀರ ಹೊಡೀತು, ಬಾಲ ಬಡದದ್ದಷ್ಟ ಗೊತ್ತು” ಎಂದರು. ಆಮೇಲೆ, “ನಿನ್ನೆ ಸಂಜಿನ್ಯಾಗ ನೀ ಸೆರಗ ಝಾಡಿಸಿದಾಗ, ನಾ ಅಲ್ಲೇ ಜಗಲಿ ಮ್ಯಾಲ...” ಎಂದು ಶುರುಮಾಡಿದರು.

“ಸಾಕ, ಬರ್ರಿ” ಎಂದು ಒಳಗಿನಿಂದ ಕಸ್ತೂರೆವ್ವನ ದನಿ ಬಂತು. “ನಿಮಗ ಇಲ್ಲೆ ಒಲಿ ಮುಂದ ತಾಟ ಹಾಕೇನಿ.”

ಮಡಿವಾಳಪ್ಪನವರು ಮಾತನ್ನು ಅಲ್ಲಿಗೇ ಬಿಟ್ಟು ಅಡುಗೆಮನೆಯ ಕಡೆ ಹೊರಟರು.

“ಹೋಗೂಮುಂದ ಇನ್ನೊಂದ ಹೋಳಿಗಿ ಹಾಕಿ ಹೋಗ್ರಿ” ಎಂದಳು ಮರೆವ್ವ.

ಅವರು ತಿರುಗಿ ಬಂದು, ಹಾಕಿ, ಆಮೇಲೆ ಹೋದರು.